ಬರೆಯುವ ಗಂಟೆಯನ್ನು ಕೊಡುವವರು



ಕಾದಂಬರಿ ಬರೆದವರು ಎದುರಿಗೆ ಸಿಕ್ಕರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಆಫೀಸು, ಮನೆ ಎಲ್ಲ ಇಟ್ಕೊಂಡು ಬರೆಯೋಕೆ ಟೈಮ್ ಎಲ್ಲಿ ಸಿಗುತ್ತೆ?" ಇದನ್ನು ಗಂಡಸರಿಗೂ ಕೇಳುತ್ತಾರೆ, ಹೆಂಗಸರಿಗೂ ಕೇಳುತ್ತಾರೆ. ಎರಡನೆಯದನ್ನು ಹೆಂಗಸರಿಗೆ ಮಾತ್ರ ಕೇಳುತ್ತಾರೆ: "ಮನೇಲಿ ಯಾರೂ ಏನೂ ಅನ್ನಲ್ವಾ?" ಬ್ಯಾಂಕಿನ ನೌಕರಿ ಮಾಡಿಕೊಂಡು, ವಿಜಯನಗರದ ಬಾಡಿಗೆ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿಕೊಂಡು ಬರೆದ ನನಗೆ ಎರಡೂ ಪ್ರಶ್ನೆಗಳ ಪರಿಚಯ ಚೆನ್ನಾಗಿದೆ. ಮೊದಲನೆಯ ಪ್ರಶ್ನೆಗೆ ನಿಜವಾದ ಉತ್ತರ ಎರಡನೆಯದರಲ್ಲೇ ಇದೆ ಎಂದು ನನ್ನ ನಂಬಿಕೆ. ಇವತ್ತು ಆ ನಂಬಿಕೆಯನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಪಶ್ಚಿಮ ಬೆಂಗಳೂರು ದುಡಿದು ತಿನ್ನುವವರ ಬೆಂಗಳೂರು. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಬಡಾವಣೆಯಾಗಿ. ಕಾರ್ಮಿಕರಿಗೆಂದು ಕಟ್ಟಿದ ಇಎಸ್‌ಐ ಆಸ್ಪತ್ರೆ ಇವತ್ತಿಗೂ ಅಲ್ಲಿಯ ದೊಡ್ಡ ಗುರುತು. ಮಾಗಡಿ ರಸ್ತೆಯ ಕಡೆ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಸೈರನ್ನಿಗೆ ಎದ್ದು ಮಲಗಿದ ಮನೆಗಳಿದ್ದವು. ಆಮೇಲೆ ಪೀಣ್ಯದ ಕಾರ್ಖಾನೆಗಳು ಬಂದವು, ವಿಜಯನಗರ ಬಸವೇಶ್ವರನಗರಗಳಲ್ಲಿ ಸರ್ಕಾರಿ ನೌಕರರು, ಶಿಕ್ಷಕರು, ಬ್ಯಾಂಕಿನವರು ಮನೆ ಕಟ್ಟಿಕೊಂಡರು. 2021ರಲ್ಲಿ ಮೆಟ್ರೊ ಕೆಂಗೇರಿಗೆ ತಲುಪಿದ ಮೇಲೆ ಬೆಳಿಗ್ಗೆ ಅಲ್ಲಿ ಹತ್ತಿದವರು ಊರಿನ ಮತ್ತೊಂದು ತುದಿಯ ಕಂಪನಿಗಳವರೆಗೂ ಹೋಗಿ ದುಡಿದು ಬರುತ್ತಾರೆ. ಈ ಜನರ ನಡುವೆ ಅರ್ಧ ಬರೆದ ನೋಟ್‌ಪುಸ್ತಕ ಬೀರುವಿನಲ್ಲಿಟ್ಟವರು ಎಷ್ಟೋ ಮಂದಿ ಇದ್ದಾರೆ. ಹಂಪಿನಗರದ ಗ್ರಂಥಾಲಯದಲ್ಲಿ ಕೂತವರನ್ನು ಮಾತಿಗೆಳೆದರೆ ಇದು ತಿಳಿಯುತ್ತದೆ. ನನ್ನ ಮಾತು ಮುಖ್ಯವಾಗಿ ಅವರಿಗೆ, ಮತ್ತು ಅವರ ಮನೆಯವರಿಗೆ.

ಮೊದಲು ಹಣದ ವಿಷಯ ಮುಗಿಸಿಬಿಡೋಣ. ಕನ್ನಡದಲ್ಲಿ ಒಂದು ಮುದ್ರಣ ಎಂದರೆ ಸಾಮಾನ್ಯವಾಗಿ 1000 ಪ್ರತಿ. 200 ರೂಪಾಯಿ ಬೆಲೆಯ ಪುಸ್ತಕಕ್ಕೆ ನೂರಕ್ಕೆ ಹತ್ತರಂತೆ ಗೌರವಧನ ಬಂದರೆ, ಎಲ್ಲ ಪ್ರತಿಗಳೂ ಖರ್ಚಾದ ಮೇಲೆ ಲೇಖಕರ ಕೈಗೆ 20,000 ರೂಪಾಯಿ. ಎರಡು ಮೂರು ವರ್ಷದ ದುಡಿಮೆಗೆ ಸಿಗುವ ಈ ಮೊತ್ತದಲ್ಲಿ ನಮ್ಮ ಬಡಾವಣೆಯಲ್ಲಿ ಒಂದೆರಡು ತಿಂಗಳ ಬಾಡಿಗೆ ಕಟ್ಟಬಹುದು. ಅ.ನ.ಕೃ., ತ.ರಾ.ಸು., ನಿರಂಜನರಂಥ ಕೆಲವರು ಲೇಖನಿಯನ್ನೇ ನಂಬಿ ಬದುಕಿದರು. ಅದರ ಕಷ್ಟವನ್ನೂ ಉಂಡರು. ಉಳಿದವರಿಗೆ ನೌಕರಿ ಬೇಕೇ ಬೇಕು. ಹಾಗಾಗಿ, ನೌಕರಿಯ ಜೊತೆಗೆ ಕಾದಂಬರಿ ಹೇಗೆ ಎಂಬುದು ಕೆಲವರ ಸಮಸ್ಯೆ ಅಲ್ಲ, ಕನ್ನಡ ಕಾದಂಬರಿ ಮುಂದುವರಿಯಬೇಕಾದರೆ ಮತ್ತೆ ಮತ್ತೆ ಉತ್ತರ ಹೇಳಿಕೊಳ್ಳಬೇಕಾದ ಪ್ರಶ್ನೆ.

ನೌಕರಿ ಬಿಟ್ಟರೇ ದೊಡ್ಡ ಕಾದಂಬರಿ ಸಾಧ್ಯ ಎಂಬ ಒಂದು ಮಾತಿದೆ. ಅದಕ್ಕೆ ಆಧಾರವೂ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಊರೂರು ತಿರುಗುವ ಆ ಕೆಲಸದ ನಡುವೆ ಅವರು ಸಣ್ಣಕತೆ ಬರೆದರು, ಕಾವ್ಯ ಬರೆದರು, 1928ರಲ್ಲಿ 'ಸುಬ್ಬಣ್ಣ' ಎಂಬ ನೀಳ್ಗತೆ ಕೊಟ್ಟರು. 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 'ಚನ್ನಬಸವನಾಯಕ', 1956ರ 'ಚಿಕವೀರ ರಾಜೇಂದ್ರ' ಎರಡೂ ಅದಾದ ಮೇಲೆ ಬಂದವು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು ನಿವೃತ್ತಿಯ ನಂತರ, 1967ರಲ್ಲಿ. ಇದನ್ನು ನೋಡಿದರೆ ಪೆನ್ಷನ್ ಬರುವವರೆಗೆ ಕಾಯಬೇಕೇನೋ ಅನ್ನಿಸುತ್ತದೆ.

ಆದರೆ ಅದೇ ಕುವೆಂಪು 'ಕಾನೂರು ಹೆಗ್ಗಡಿತಿ'ಯನ್ನು ಬರೆದಾಗ ತರಗತಿಗೆ ಹೋಗಿ ಪಾಠ ಹೇಳುತ್ತಿದ್ದ ಮೇಷ್ಟರು, ವಯಸ್ಸು ಮೂವತ್ತರ ಆಸುಪಾಸು. ಮಾಸ್ತಿಯವರ ಚರಿತ್ರೆಯ ಕಾದಂಬರಿಗಳಲ್ಲಿ ಆಡಳಿತದ ಒಳಹೊರಗು, ರಾಜ ಮತ್ತು ಮಂತ್ರಿಗಳ ನಡುವಣ ನಂಬಿಕೆ ಅಪನಂಬಿಕೆಗಳು ಅಷ್ಟು ಖಚಿತವಾಗಿ ಬಂದಿರುವುದು ಅವರು ಸಂಸ್ಥಾನದ ಕಡತಗಳ ನಡುವೆ ಕಳೆದ ವರ್ಷಗಳಿಂದ ಎಂದು ನಾನು ಓದಿಕೊಳ್ಳುತ್ತೇನೆ. ನೌಕರಿ ಕಾದಂಬರಿಯ ಸಮಯವನ್ನು ತಿನ್ನುತ್ತದೆ, ನಿಜ. ಕಾದಂಬರಿಗೆ ಬೇಕಾದ ಲೋಕವನ್ನು ಕಾಣಿಸುವುದೂ ಅದೇ ನೌಕರಿ.

ಇದಕ್ಕೆ ಯಶವಂತ ಚಿತ್ತಾಲರಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ರಸಾಯನ ತಂತ್ರಜ್ಞಾನ ಓದಿ, ಮುಂಬಯಿಯಲ್ಲಿ ಬೇಕ್‌ಲೈಟ್ ಹೈಲಂ ಕಂಪನಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞರಾಗಿ ಕೆಲಸಕ್ಕೆ ನಿಂತವರು. ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲೂ ಓದಿ ಬಂದರು. ಅದೇ ಕಂಪನಿಯಲ್ಲಿ ಮೇಲೇರಿ ದೊಡ್ಡ ಹುದ್ದೆಗೆ ತಲುಪಿದರು. ಅವರ ಮೊದಲ ಕಾದಂಬರಿ 'ಮೂರು ದಾರಿಗಳು' 1964ರಲ್ಲಿ ಬಂತು. ಎರಡನೆಯದು, 'ಶಿಕಾರಿ', ಬಂದದ್ದು 1979ರಲ್ಲಿ. ನಡುವೆ 15 ವರ್ಷ. ಕಾರ್ಖಾನೆ, ಪ್ರಯೋಗಾಲಯ, ಕಂಪನಿಯ ಸಭೆಗಳು ಇದ್ದವನ ಕಾದಂಬರಿ ನಿಧಾನವಾಗಿಯೇ ಬರುತ್ತದೆ. ಆ ನಿಧಾನದ ಫಲ ಎಂಥದು ನೋಡಿ. 'ಶಿಕಾರಿ'ಯ ನಾಗನಾಥ ಮುಂಬಯಿಯ ಕೆಮಿಕಲ್ ಕಂಪನಿಯೊಂದರ ಅಧಿಕಾರಿ. ತಾನೇನು ತಪ್ಪು ಮಾಡಿದೆ ಎಂಬುದೇ ತಿಳಿಯದಂತೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಯಾರು ನಗುತ್ತ ಕೈಕುಲುಕಿದರು, ಯಾರು ಫೋನು ಎತ್ತಲಿಲ್ಲ, ಯಾವ ಪತ್ರದ ಯಾವ ಸಾಲಿನಲ್ಲಿ ಏನು ಅಡಗಿದೆ ಎಂದು ಹುಡುಕುತ್ತ ಅವನು ಬೇಟೆಯ ಪ್ರಾಣಿಯಾಗುತ್ತಾನೆ. ಕಚೇರಿಯ ಈ ಭಯವನ್ನು ಕನ್ನಡದಲ್ಲಿ ಅಷ್ಟು ಆಳವಾಗಿ ಬರೆದವರು ಅದಕ್ಕೆ ಮುಂಚೆ ಇರಲಿಲ್ಲ. ಕಂಪನಿಯ ಲೋಕವನ್ನು ದಿನವೂ ಕಣ್ಣಾರೆ ಕಂಡವರು ಮಾತ್ರ ಬರೆಯಬಹುದಾದ ಕಾದಂಬರಿ ಅದು. ಇವತ್ತು ಐಟಿ ಕಂಪನಿಯಲ್ಲಿ ಒಂದು ಇಮೇಲಿಗೆ ಹೆದರಿ ಕೂತ ನಮ್ಮ ಹುಡುಗರು 'ಶಿಕಾರಿ'ಯನ್ನು ಓದಿದರೆ ತಮ್ಮದೇ ಕತೆ ಎಂದುಕೊಳ್ಳುತ್ತಾರೆ.

ನಾ. ಡಿಸೋಜ ಇನ್ನೊಬ್ಬರು. ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು. ಶರಾವತಿ ಜಲವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಜಾಗಗಳಲ್ಲಿ ಅವರು ದುಡಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರುಗಳು ಮುಳುಗಿದವು. ನಮ್ಮ ಮನೆಗಳಿಗೆ ದೀಪ ಬಂತು, ರಾಜಾಜಿನಗರ ಪೀಣ್ಯಗಳ ಯಂತ್ರಗಳು ತಿರುಗಿದವು. ಆ ಯೋಜನೆಯ ಕಚೇರಿಯಲ್ಲಿ ಒಂದು ಊರು ಎಂದರೆ ಒಂದು ಕಡತ, ಒಂದಿಷ್ಟು ಎಕರೆ, ಒಂದಿಷ್ಟು ಪರಿಹಾರ. ಡಿಸೋಜ ಅವರು ಆ ಕಡತದ ಹಿಂದಿನ ಮನುಷ್ಯರನ್ನು ಕಂಡರು. 'ಮುಳುಗಡೆ', 'ದ್ವೀಪ' ಹುಟ್ಟಿದ್ದು ಹಾಗೆ. ಸುತ್ತಲೂ ನೀರು ಏರುತ್ತಿದ್ದರೂ ಗುಡ್ಡದ ಮೇಲಿನ ಮನೆ ಬಿಡದ ಗಣಪಯ್ಯ, ನಾಗವೇಣಿಯರ ಕತೆಯನ್ನು ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ಅದು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಸರ್ಕಾರಿ ನೌಕರಿ ಆ ಕಾದಂಬರಿಕಾರನ ಕೈಕಟ್ಟಲಿಲ್ಲ, ಅವನನ್ನು ಮುಳುಗುವ ದಡದ ಮೇಲೇ ಒಯ್ದು ನಿಲ್ಲಿಸಿತು.

ಹಾಗಾದರೆ ನೌಕರಿ ಮತ್ತು ಕಾದಂಬರಿಯ ಜಗಳ ಅಷ್ಟು ದೊಡ್ಡದಲ್ಲ. ನೌಕರಿಗೆ ಗಡಿಯಾರ ಇದೆ. ಸಂಜೆ ಒಂದು ಹೊತ್ತಿಗೆ ಅದು ಬಿಡುತ್ತದೆ. ಗಡಿಯಾರ ಇಲ್ಲದ್ದು ಮನೆ. ಕಠಿಣವಾದ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಇಂಗ್ಲೆಂಡಿನ ಆಂಥನಿ ಟ್ರಾಲಪ್ ಎಂಬ ಕಾದಂಬರಿಕಾರನ ವಿಷಯ ಹೇಳುತ್ತೇನೆ. 19ನೆಯ ಶತಮಾನದವನು. ಮೂರು ದಶಕಕ್ಕೂ ಹೆಚ್ಚು ಕಾಲ ಅಂಚೆ ಇಲಾಖೆಯಲ್ಲಿ ದುಡಿದ. ಆ ನೌಕರಿಯಲ್ಲಿದ್ದಾಗಲೂ ಅದನ್ನು ಬಿಟ್ಟ ಮೇಲೂ ಸೇರಿ ಒಟ್ಟು 47 ಕಾದಂಬರಿ ಬರೆದ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಶಿಸ್ತಿನ ಪಾಠ ಹೇಳುವವರು ಇವನ ಹೆಸರನ್ನು ತಪ್ಪದೆ ಎತ್ತುತ್ತಾರೆ. ಅವನ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಕಡಿಮೆ ಜನ ಹೇಳುತ್ತಾರೆ. ಅವನನ್ನು ಎಬ್ಬಿಸಿ ಕಾಫಿ ತಂದುಕೊಡಲು ಒಬ್ಬ ವಯಸ್ಸಾದ ಆಳು ಇದ್ದ. ಅದಕ್ಕಾಗಿ ಅವನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಸಂಬಳ. ಟ್ರಾಲಪ್‌ನಿಗಿಂತ ಮೊದಲು ಏಳಬೇಕಾದವನು, ಒಲೆ ಹಚ್ಚಬೇಕಾದವನು ಅವನು. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಹೆಚ್ಚು ಋಣಿಯಾಗಿರುವುದು ಆ ಆಳಿಗೇ ಇರಬೇಕು ಎಂದು ಟ್ರಾಲಪ್ ಮನಸಾರೆ ಒಪ್ಪಿಕೊಂಡಿದ್ದಾನೆ.

ಬರೆಯುವ ಪ್ರತಿಯೊಂದು ಗಂಟೆಯ ಹಿಂದೆಯೂ ಹೀಗೆ ಇನ್ನೊಬ್ಬರ ದುಡಿಮೆ ಇರುತ್ತದೆ. ಟ್ರಾಲಪ್ ಅದಕ್ಕೆ ಸಂಬಳ ಕೊಟ್ಟ, ಹೆಸರು ಹೇಳದಿದ್ದರೂ ಋಣ ಹೇಳಿದ. ನಮ್ಮ ಮನೆಗಳಲ್ಲಿ ಆ ದುಡಿಮೆ ಮಾಡಿದವರು ಹೆಂಡತಿ, ತಾಯಿ, ಅಕ್ಕ, ಸೊಸೆ. ಅವರಿಗೆ ಸಂಬಳವೂ ಇರಲಿಲ್ಲ, ಬಹಳ ಪುಸ್ತಕಗಳ ಮುನ್ನುಡಿಯಲ್ಲಿ ಅವರ ಮಾತೂ ಇಲ್ಲ. ಮತ್ತೆ, ಆ ಹೆಂಡತಿಯೇ ಕಾದಂಬರಿ ಬರೆಯಬೇಕೆಂದು ಹೊರಟರೆ? ಅವಳನ್ನು ಎಬ್ಬಿಸಿ ಕಾಫಿ ಕೊಡುವವರು ಯಾರು?

ಎಂ.ಕೆ. ಇಂದಿರಾ ಅವರನ್ನು ನೆನೆಯಿರಿ. ತೀರ್ಥಹಳ್ಳಿಯ ಸೀಮೆಯಲ್ಲಿ 1917ರಲ್ಲಿ ಹುಟ್ಟಿದವರು, 12ನೆಯ ವಯಸ್ಸಿಗೆ ಮದುವೆ. ಶಾಲೆಯ ಓದು ಅಲ್ಲಿಗೆ ನಿಂತಿತು. ಅವರು ಬರೆಯಲು ಕೂತದ್ದು 45ರ ಹೊತ್ತಿಗೆ. 1963ರಲ್ಲಿ 'ತುಂಗಭದ್ರ' ಬಂತು, 1976ರಲ್ಲಿ 'ಫಣಿಯಮ್ಮ'. ಇಂದಿರಾ ಅವರ ಸಾಧನೆಯನ್ನು ನಾವು ಹಾಡಿ ಹೊಗಳುತ್ತೇವೆ, ಹೊಗಳಲೇಬೇಕು. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. 25ರಲ್ಲಿ, 30ರಲ್ಲಿ, 35ರಲ್ಲಿ ಅವರು ಬರೆಯಬಹುದಾಗಿದ್ದ ಕಾದಂಬರಿಗಳು ಎಲ್ಲಿ ಹೋದವು? ಸಂಸಾರದ ಕೆಲಸ ಹಗುರಾಗುವವರೆಗೆ ಕಾದ ಆ ವರ್ಷಗಳು ಕನ್ನಡಕ್ಕೆ ಆದ ನಷ್ಟ.

ತ್ರಿವೇಣಿಯವರಿಗೆ ಕಾಯಲು ಆಯುಷ್ಯವೇ ಇರಲಿಲ್ಲ. ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ 1928ರಲ್ಲಿ ಹುಟ್ಟಿದರು, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದರು. ಗಂಡ ಶಂಕರ್ ಇಂಗ್ಲಿಷ್ ಅಧ್ಯಾಪಕರು, ಹೆಂಡತಿಯ ಬರವಣಿಗೆಗೆ ಬೆಂಬಲವಾಗಿ ನಿಂತವರು. 1953ರ 'ಅಪಸ್ವರ'ದಿಂದ ಶುರುಮಾಡಿ ಹತ್ತೇ ವರ್ಷದಲ್ಲಿ ಸುಮಾರು 20 ಕಾದಂಬರಿ ಕೊಟ್ಟರು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣಿನ ಕತೆಯನ್ನು 'ಶರಪಂಜರ'ದಲ್ಲಿ ಬರೆದವರು, 1963ರ ಜುಲೈನಲ್ಲಿ ತಮ್ಮ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಆ ಹತ್ತು ವರ್ಷಗಳಲ್ಲಿ ಅವರ ಮನೆಯಲ್ಲಿ ಬರವಣಿಗೆಗೆ ಅಡ್ಡಿ ಇದ್ದಿದ್ದರೆ 'ಬೆಳ್ಳಿಮೋಡ' ಇರುತ್ತಿರಲಿಲ್ಲ, 'ಬೆಕ್ಕಿನ ಕಣ್ಣು' ಇರುತ್ತಿರಲಿಲ್ಲ. ಮುಂದೆ ಸಮಯ ಸಿಗುತ್ತದೆ ಎಂದು ಬರವಣಿಗೆಯನ್ನು ಮುಂದೂಡುವವರು ತ್ರಿವೇಣಿಯವರನ್ನು ಒಮ್ಮೆ ನೆನೆಯಬೇಕು.

ನನ್ನ ಮಾತಿಗೆಲ್ಲ ನಡುಗಂಬದಂತೆ ನಿಂತಿರುವವರು ಡಾಕ್ಟರ್ ಅನುಪಮಾ ನಿರಂಜನ. ಅವರ ಬದುಕನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ.

ಅನುಪಮಾ 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಹುಟ್ಟುಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಕಾದಂಬರಿಕಾರ ನಿರಂಜನರನ್ನು ಕೈಹಿಡಿದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಇಷ್ಟೇ ಆಗಿದ್ದರೂ ಒಂದು ಜೀವಕ್ಕೆ ತುಂಬಿದ ಬದುಕು. ಇದರ ನಡುವೆ ಅವರು ಕಾದಂಬರಿ ಬರೆದರು. ಮಹಾಭಾರತದ ಒಂದು ಮೂಲೆಯಲ್ಲಿ ಬರುವ ಯಯಾತಿಯ ಮಗಳು, ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಕೈಬದಲಾದ ಮಾಧವಿಯನ್ನು ಹೊರಗೆ ಕರೆತಂದು ಅವಳದೇ ಹೆಸರಿನ ಕಾದಂಬರಿ ಕೊಟ್ಟರು. ಅವರ 'ಋಣಮುಕ್ತಳು' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ತೆರೆಗೆ ತಂದರು. ಮಕ್ಕಳಿಗಾಗಿ 12 ಸಂಪುಟಗಳ 'ದಿನಕ್ಕೊಂದು ಕಥೆ' ಬರೆದರು, ತಿಂಗಳಿಗೊಂದು ಸಂಪುಟ, ದಿನಕ್ಕೊಂದು ಕತೆ. ಬಸುರಿ ಬಾಣಂತಿಯರಿಗಾಗಿ 'ತಾಯಿ ಮಗು' ಬರೆದರು, ಹರೆಯದ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಬರೆದರು. ಆ ಕಾಲದ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಗಳಿಗೆ ಬಾಯಿಬಿಟ್ಟು ಹೇಳಲಾಗದೆ ಈ ಪುಸ್ತಕವನ್ನು ಕೈಗಿಡುತ್ತಿದ್ದರು. ವೈದ್ಯೆ ಬೇರೆ, ಲೇಖಕಿ ಬೇರೆ ಎಂದು ಅವರ ಪುಸ್ತಕಗಳನ್ನು ವಿಂಗಡಿಸಲು ಬರುವುದಿಲ್ಲ. ಹೆಣ್ಣಿನ ದೇಹದ ನೋವನ್ನು ವೈದ್ಯೆಯಾಗಿ ಕಂಡದ್ದೇ ಅವರ ಕಾದಂಬರಿಗಳಲ್ಲಿ ಹೆಣ್ಣಿನ ಬದುಕಿನ ಪ್ರಶ್ನೆಯಾಯಿತು.

70ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ತಗುಲಿತು. ಮನೆಯ ಭಾರ ಅನುಪಮಾ ಅವರ ಹೆಗಲಿಗೆ ಇನ್ನಷ್ಟು ಬಂತು. ಆ ಮನೆಯಿಂದ ಆಮೇಲೆ ಏನು ಹೊರಬಂತು ಎಂದು ನೋಡಿ. ನಿರಂಜನರು ಪ್ರಾಚೀನ ಈಜಿಪ್ಟಿನ ಕತೆಯಾದ 'ಮೃತ್ಯುಂಜಯ'ವನ್ನು 1976ರಲ್ಲಿ ಕೊಟ್ಟರು. ಜಗತ್ತಿನ ಕತೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ 'ವಿಶ್ವಕಥಾಕೋಶ'ವನ್ನು ಸಂಪಾದಿಸಿದರು. ಅನುಪಮಾ ಅವರ 'ಮಾಧವಿ' ಬಂದದ್ದೂ ಅದೇ 1976ರಲ್ಲಿ. ಒಂದೇ ಸೂರಿನಡಿ, ಒಬ್ಬರ ದೇಹ ಸೋತಿದ್ದಾಗ, ಇಬ್ಬರ ಎರಡು ದೊಡ್ಡ ಕಾದಂಬರಿಗಳು ಒಂದೇ ವರ್ಷ ಹೊರಬಂದವು. ಒಬ್ಬರು ಬರೆಯಲು ಇನ್ನೊಬ್ಬರು ಸುಮ್ಮನಾಗಬೇಕು ಎಂಬ ನಿಯಮ ಆ ಮನೆಯಲ್ಲಿ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೆ ಅನುಪಮಾ ಅವರಿಗೇ ಕ್ಯಾನ್ಸರ್ ಬಂತು. ವೈದ್ಯೆ ರೋಗಿಯಾದರು. ಆಗಲೂ ಲೇಖನಿ ಇಡಲಿಲ್ಲ, 'ನೆನಪು: ಸಿಹಿ–ಕಹಿ' ಎಂಬ ಆತ್ಮಕಥನ ಕೊಟ್ಟರು. 1991ರಲ್ಲಿ ತೀರಿಕೊಂಡಾಗ ಅವರಿಗೆ 56 ವರ್ಷ. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಅದು ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ, ಅವರ ಮನೆ ನಡೆದ ರೀತಿಯನ್ನು ನಮ್ಮ ಮನೆಗಳು ಕಲಿತರೆ ಅನುಪಮಾ ಅವರಿಗೆ ಸಲ್ಲುವ ಗೌರವ ಪೂರ್ತಿಯಾಗುತ್ತದೆ.

ಇದು ಹಳೆಯ ಕಾಲದ ಮಾತು, ಈಗಿನ ವೇಗದಲ್ಲಿ ಆಗದು ಎನ್ನುವವರಿಗೆ ನೇಮಿಚಂದ್ರ ಅವರ ಹೆಸರು ಹೇಳುತ್ತೇನೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನಗಳ ಎಂಜಿನಿಯರ್ ಆಗಿ ವೃತ್ತಿ ನಡೆಸಿದವರು. ಕತೆ, ಪ್ರವಾಸಕಥನ, ಅಂಕಣ ಎಲ್ಲವನ್ನೂ ಬರೆದವರು. ಅವರ 'ಯಾದ್ ವಶೇಮ್' ಕಾದಂಬರಿ ನಮ್ಮ ಕಡೆಯವರು ಓದಲೇಬೇಕಾದದ್ದು. ಮೈಸೂರು ರಸ್ತೆಯಲ್ಲಿ, ಗೋರಿಪಾಳ್ಯದ ಹತ್ತಿರ, ಯಹೂದಿಗಳ ಒಂದು ಪುಟ್ಟ ಸ್ಮಶಾನ ಇದೆ. ವಿಜಯನಗರಕ್ಕೆ, ಕೆಂಗೇರಿಗೆ ಬರುವ ಬಸ್ಸುಗಳು ಅದರ ಪಕ್ಕದಲ್ಲೇ ಓಡುತ್ತವೆ. ನಾವು ಕಿಟಕಿಯ ಪಕ್ಕ ಕೂತು ಅದನ್ನು ನೋಡದೆ ದಾಟಿದ್ದೇವೆ. ಬೆಂಗಳೂರಿನಲ್ಲಿ ಯಹೂದಿಗಳು ಬದುಕಿ ಸತ್ತಿದ್ದಾರೆ ಎಂಬುದೇ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಹಿಟ್ಲರನ ಜರ್ಮನಿಯಿಂದ ಅಪ್ಪನೊಡನೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯೊಬ್ಬಳು ಇಲ್ಲಿ ಬೆಳೆದು ಸಂಸಾರ ಕಟ್ಟಿಕೊಂಡು, ಇಳಿವಯಸ್ಸಿನಲ್ಲಿ ತನ್ನವರನ್ನು ಹುಡುಕಿಕೊಂಡು ಹೊರಡುವ ಕತೆಯನ್ನು ಬರೆದದ್ದು ಪೂರ್ಣಕಾಲಿಕ ಸಾಹಿತಿ ಅಲ್ಲ. ಬೆಳಿಗ್ಗೆ ಎದ್ದು ವಿಮಾನ ಕಾರ್ಖಾನೆಗೆ ಹೋಗುತ್ತಿದ್ದ, ಮನೆ ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳು. ಎರಡು ಖಂಡಗಳ ಚರಿತ್ರೆಯನ್ನು ಹೊತ್ತ ಕಾದಂಬರಿಯನ್ನೂ ನೌಕರಿಯ ನಡುವೆ ಬರೆಯಬಹುದು ಎಂಬುದಕ್ಕೆ ಆ ಪುಸ್ತಕ ಕಣ್ಣೆದುರಿಗಿದೆ.

ಈಗ ಬರೆಯುವವರಿಗೆ ನನ್ನ ಅನುಭವದ ಒಂದೆರಡು ಮಾತು.

ಕಾದಂಬರಿಗೆ ಉದ್ದನೆಯ ದಿನ ಬೇಡ, ಕಡಿಯದ ದಿನಗಳು ಬೇಕು. ಸಣ್ಣಕತೆಯನ್ನು ಒಂದು ಭಾನುವಾರ ಕೂತು ಬರೆದು ಮುಗಿಸಬಹುದು. ಕಾದಂಬರಿಯ ಜನ ಮನಸ್ಸಿನಲ್ಲಿ ತಿಂಗಳುಗಟ್ಟಲೆ ಉಸಿರಾಡುತ್ತಿರಬೇಕು. ಹದಿನೈದು ದಿನ ಬಿಟ್ಟು ಮತ್ತೆ ಕೂತರೆ ಅವರ ದನಿ ಕೇಳಿಸುವುದಿಲ್ಲ, ಹಿಂದಿನ ನೂರು ಪುಟವನ್ನು ಮತ್ತೆ ಓದಬೇಕಾಗುತ್ತದೆ. ರಜೆ ಹಾಕಿ ಹತ್ತು ದಿನ ಬರೆದು ಮುಗಿಸುತ್ತೇನೆ ಎಂದು ಹೊರಟವರ ಪುಸ್ತಕ ಅರ್ಧದಲ್ಲಿ ನಿಲ್ಲುವುದನ್ನು ನಾನು ಬಹಳ ಕಂಡಿದ್ದೇನೆ. ದಿನಕ್ಕೆ ಒಂದು ಪುಟ, 200 ಪದ, ಸಾಕು. ವರ್ಷಕ್ಕೆ 365 ಪುಟ. ಹಬ್ಬ, ಜ್ವರ, ಮಕ್ಕಳ ಪರೀಕ್ಷೆ, ಮದುವೆ ಮುಂಜಿ ಎಂದು 100 ದಿನ ಕಳೆಯಿರಿ. 265 ಪುಟದ ಕಾದಂಬರಿ ಕೈಯಲ್ಲಿ ಉಳಿಯುತ್ತದೆ. ಎರಡನೆಯ ವರ್ಷ ಅದನ್ನು ತಿದ್ದಿ ಬರೆಯಿರಿ. ವಾರಪತ್ರಿಕೆಗಳ ಧಾರಾವಾಹಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಶಿಸ್ತನ್ನು ಸಂಪಾದಕರೇ ಹೇರುತ್ತಿದ್ದರು, ವಾರಕ್ಕೊಂದು ಕಂತು ಕೊಡಲೇಬೇಕಿತ್ತು. ಗೃಹಿಣಿಯರಾಗಿದ್ದ ಎಷ್ಟೋ ಲೇಖಕಿಯರ ಕಾದಂಬರಿಗಳು ಮುಗಿದದ್ದು ಆ ಕಂತಿನ ಒತ್ತಾಯದಿಂದ. ಈಗ ಆ ವಾರದ ಗಡುವನ್ನು ನಾವೇ ಹಾಕಿಕೊಳ್ಳಬೇಕು.

ಕೆಂಗೇರಿಯಿಂದ ಮೆಟ್ರೊ ಹತ್ತಿ ಕೂತರೆ ಸಿಗುವ ಸಮಯ ಬರೆಯುವುದಕ್ಕೆ ಸಾಲದೆ ಹೋಗಬಹುದು, ಯೋಚಿಸುವುದಕ್ಕೆ ಸಾಕು. ಮುಂದಿನ ದೃಶ್ಯದಲ್ಲಿ ಯಾರು ಬಾಗಿಲು ತೆರೆಯುತ್ತಾರೆ, ಮೊದಲ ಮಾತು ಯಾರದು ಎಂಬುದು ದಾರಿಯಲ್ಲಿ ನಿರ್ಧಾರವಾದರೆ ರಾತ್ರಿ ಅಥವಾ ಬೆಳಗಿನ ಜಾವ ಕೂತ ಕೂಡಲೇ ಕೈ ಓಡುತ್ತದೆ. ಸಿಕ್ಕ ಒಂದು ಗಂಟೆಯಲ್ಲಿ ಅರ್ಧ ಗಂಟೆ ಖಾಲಿ ಹಾಳೆ ನೋಡುವ ಐಶ್ವರ್ಯ ದುಡಿಯುವವರಿಗೆ ಇಲ್ಲ.

ಮತ್ತೆ, ಕೆಲಸದಲ್ಲಿ ಕಳ್ಳತನ ಮಾಡಬಾರದು. ಕೌಂಟರಿನ ಮುಂದೆ ಪೆನ್ಷನ್ನಿಗೆ ನಿಂತ ವಯಸ್ಸಾದವರನ್ನು ಕಾಯಿಸಿ ಬರೆದ ಪುಟಕ್ಕೆ ಬೆಲೆ ಇಲ್ಲ. ಮನುಷ್ಯರ ಬಗ್ಗೆ ಬರೆಯುವವರು ಎದುರಿಗಿರುವ ಮನುಷ್ಯರನ್ನು ಕಡೆಗಣಿಸಿದರೆ ಅದು ಬರವಣಿಗೆಯಲ್ಲೂ ಕಾಣಿಸಿಬಿಡುತ್ತದೆ. ಅನುಪಮಾ ಅವರ ಬಳಿ ಬಂದ ರೋಗಿಗೆ ಬೇಕಾದದ್ದು ವೈದ್ಯೆ, ಲೇಖಕಿ ಅಲ್ಲ. ಆ ನಿಷ್ಠೆ ಇದ್ದುದರಿಂದಲೇ ಅವರ ಮಾತನ್ನು ಸಾವಿರಾರು ಹೆಂಗಸರು ನಂಬಿದರು.

ಮನೆಯವರಿಗೆ ಹೇಳಬೇಕಾದದ್ದು ಇನ್ನೂ ಮುಖ್ಯ. ನಿಮ್ಮ ಮನೆಯಲ್ಲಿ ಯಾರಾದರೂ ಬರೆಯುತ್ತಿದ್ದರೆ, ಅದು ಗಂಡ ಇರಲಿ, ಹೆಂಡತಿ ಇರಲಿ, ಸೊಸೆ ಇರಲಿ, ಅವರಿಗೆ ದಿನಕ್ಕೆ ಒಂದು ಗಂಟೆಯನ್ನು ಎಲ್ಲರಿಗೂ ಗೊತ್ತಿರುವಂತೆ ಕೊಡಿ. ಕದ್ದುಮುಚ್ಚಿ ಸಿಕ್ಕ ಗಂಟೆಯಲ್ಲಿ ಅರ್ಧ ಮನಸ್ಸು ಅಡುಗೆಮನೆಯ ಕುಕ್ಕರಿನ ಕಡೆ ಇರುತ್ತದೆ. ಎಲ್ಲರೂ ಒಪ್ಪಿ ಕೊಟ್ಟ ಗಂಟೆಯಲ್ಲಿ ಬಾಗಿಲು ತಟ್ಟುವವರಿಲ್ಲ ಎಂಬ ಧೈರ್ಯ ಇರುತ್ತದೆ. ಆ ಹೊತ್ತಿನ ಕೆಲಸ ಯಾರದು ಎಂಬುದನ್ನೂ ಮಾತಾಡಿ ಗೊತ್ತುಮಾಡಿ. ಕುಕ್ಕರ್ ಯಾರು ಇಳಿಸುತ್ತಾರೆ, ಮಗುವಿನ ಲೆಕ್ಕ ಯಾರು ನೋಡುತ್ತಾರೆ, ಅತ್ತೆಯವರ ಮಾತ್ರೆ ಯಾರು ಕೊಡುತ್ತಾರೆ? ಇದು ಸಣ್ಣ ವಿಷಯ ಎಂದು ಯಾರೂ ತಿಳಿಯಬೇಡಿ. ಕಾದಂಬರಿ ಹುಟ್ಟುವುದು ಈ ಸಣ್ಣ ಒಪ್ಪಂದಗಳ ಮೇಲೆ.

ಒಪ್ಪಂದ ಮಾಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ದೊಡ್ಡವರೇ ಇಲ್ಲದವರೂ ಇದ್ದಾರೆ. ಅಮೆರಿಕದ ಟೋನಿ ಮಾರಿಸನ್ ಹಾಗೆ ಬದುಕಿದವರು. ಗಂಡನಿಂದ ಬೇರೆಯಾಗಿ, ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತ, ಮಕ್ಕಳು ಏಳುವ ಮುಂಚೆ ಬೆಳಗಿನ ಜಾವ ಬರೆದರು. ಮೊದಲ ಕಾದಂಬರಿ 1970ರಲ್ಲಿ ಬಂದಾಗ ಅವರಿಗೆ 39 ವರ್ಷ. 1993ರಲ್ಲಿ ನೊಬೆಲ್ ಬಂತು. ಇಂಥವರ ಕತೆಯನ್ನು ನಾವು ಬೇರೆಯವರಿಗೆ ಚಾಟಿಯಾಗಿ ಬಳಸಬಾರದು. ಅವರಿಂದ ಆಯಿತು, ನಿನ್ನಿಂದ ಏಕೆ ಆಗದು ಎಂದು ಒಬ್ಬಂಟಿ ತಾಯಿಗೆ ಹೇಳುವುದು ನ್ಯಾಯವಲ್ಲ. ಅಂಥವರಿಗೆ ನೆರೆಹೊರೆ ಮನೆಯಾಗಬೇಕು, ಒಂದು ಸಂಜೆ ಅವರ ಮಗುವನ್ನು ನಮ್ಮ ಮಕ್ಕಳ ಜೊತೆ ಆಡಲು ಕರೆದುಕೊಳ್ಳಬೇಕು, ಗ್ರಂಥಾಲಯ ಸಂಜೆ ತಡವಾಗಿಯೂ ತೆರೆದಿರಬೇಕು. ನಮ್ಮ ಬಡಾವಣೆಗಳ ಗ್ರಂಥಾಲಯಗಳಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಮೇಜು ಸಿಗುವಂತೆ, ಬರೆಯುವವರಿಗೂ ಒಂದು ಮೂಲೆಯ ಮೇಜು ಸಿಗಲಿ ಎಂದು ನಾವು ಕೇಳಬೇಕು. ಇದಕ್ಕೆ ದೊಡ್ಡ ಹಣ ಬೇಡ.

ಕಾದಂಬರಿಯಿಂದ ಮನೆಗೆ ಏನು ಬಂತು ಎಂದು ಕೇಳುವವರು ಇದ್ದೇ ಇರುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಹೆಚ್ಚೇನೂ ಬರಲಿಕ್ಕಿಲ್ಲ, ಅದನ್ನು ಮೊದಲೇ ಹೇಳಿದೆ. ಆದರೆ ಕಂಪನಿಯ ಭಯ ಹೇಗಿರುತ್ತದೆಂದು ಚಿತ್ತಾಲರು ಬರೆಯದಿದ್ದರೆ ನಮಗೆ ನಮ್ಮ ಭಯದ ಮುಖ ಕಾಣುತ್ತಿರಲಿಲ್ಲ. ನಮ್ಮ ದೀಪಕ್ಕಾಗಿ ಯಾರ ಮನೆ ಮುಳುಗಿತು ಎಂದು ಡಿಸೋಜ ಬರೆಯದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ. ಬಾಣಂತಿಯ ಮನಸ್ಸಿನ ಕತ್ತಲೆಯನ್ನು ತ್ರಿವೇಣಿ ಬರೆಯದಿದ್ದರೆ ಎಷ್ಟೋ ಮನೆಗಳು ಅದನ್ನು ದೆವ್ವ ಎಂದೇ ನಂಬುತ್ತಿದ್ದವು. ಈ ಪುಸ್ತಕಗಳನ್ನು ಕೊಟ್ಟವರು ಲೇಖಕರು. ಆ ಲೇಖಕರಿಗೆ ಗಂಟೆಗಳನ್ನು ಕೊಟ್ಟವರು ಅವರ ಮನೆಯವರು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅವರ ಹೆಸರಿಗೂ ಜಾಗ ಇರಬೇಕು ಎಂದು ನಾನು ವಾದಿಸುತ್ತೇನೆ.

ಆದ್ದರಿಂದ, ಬರೆಯುವವರೇ, ನಿಮ್ಮ ಮುಂದಿನ ಪುಸ್ತಕದ ಅರಿಕೆಯಲ್ಲಿ ಪ್ರಕಾಶಕರಿಗೆ, ಮುನ್ನುಡಿ ಬರೆದವರಿಗೆ ವಂದಿಸಿದ ಮೇಲೆ, ನೀವು ಬರೆಯುತ್ತಿದ್ದಾಗ ನಿಮ್ಮ ಮನೆಯ ಕೆಲಸ ಮಾಡಿದವರು ಯಾರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಅಡುಗೆಗೆ ಬಂದ ಹೆಂಗಸಾದರೆ ಅವರ ಹೆಸರನ್ನೂ, ಅವರು ಒಪ್ಪಿದರೆ, ಬರೆಯಿರಿ. ಮನೆಯವರೇ, ಈ ಮಾತು ಮುಗಿದ ಮೇಲೆ ನಿಮ್ಮ ಮನೆಯಲ್ಲಿ ಯಾರ ಬೀರುವಿನಲ್ಲಿ ಅರ್ಧ ಬರೆದ ನೋಟ್‌ಪುಸ್ತಕ ಇದೆ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ, ನಾಳೆಯಿಂದ ಯಾವ ಗಂಟೆ ಅವರದು ಎಂದು ಇವತ್ತೇ ಊಟಕ್ಕೆ ಕೂತಾಗ ಗೊತ್ತುಮಾಡಿ. ಅವರು ಹೆಂಗಸಾಗಿದ್ದರೆ, ಆ ಮಾತನ್ನು ಅವರು ಎತ್ತುವವರೆಗೆ ಕಾಯಬೇಡಿ.